ಕಂಪನಿಯ ಬೇಲಿಯೊಳಗೆ ಮೊಮ್ಮಗಳ ಮುಡಿ

ನನ್ನ ಮೊಮ್ಮಗಳಿಗೆ ಹುಟ್ಟುವಾಗಲೇ ತಲೆ ತುಂಬ ಕೂದಲು. ಅಜ್ಜಿಯಾದವಳು ಸುಮ್ಮನೆ ಹೆಚ್ಚಿಸಿ ಹೇಳುವ ಮಾತಲ್ಲ ಇದು. ಆಸ್ಪತ್ರೆಯ ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗೆ ಕೊಟ್ಟಾಗ ಮೊದಲು ಕಂಡದ್ದು ಕೂದಲು, ಆಮೇಲೆ ಮುಖ. ಅವತ್ತು ವಾರ್ಡಿನಲ್ಲಿದ್ದವರಿಗೆಲ್ಲ ತೋರಿಸಿದೆ. ಎದುರು ಮಂಚದವರ ನೆಂಟರಿಗೂ ತೋರಿಸಿದೆ. ಕಸ ಗುಡಿಸುವಾಕೆ "ಬುಡವ್ವ, ಬೆಳಿಗ್ಗೆಯಿಂದ ಮೂರು ಸಲ ನೋಡಿದ್ದೀನಿ" ಅಂದಳು. ಆದರೂ ಬಿಡದೆ ನಾಲ್ಕನೇ ಸಲ ತೋರಿಸಿದೆ.

ಮಗನ ಮದುವೆಯಾಗಿ ಏಳು ವರ್ಷಕ್ಕೆ ಹುಟ್ಟಿದ ಕೂಸು ಅದು. ಆ ಏಳು ವರ್ಷದಲ್ಲಿ ನಾನು ಕೈಮುಗಿಯದ ದೇವರಿಲ್ಲ. ಕೊನೆಗೆ ನಮ್ಮ ಹೊಲದಪ್ಪನಿಗೆ ಹರಕೆ ಹೊತ್ತೆ. "ಅಪ್ಪಾ, ಕೂಸಾದರೆ ಹುಟ್ಟುಗೂದಲು ನಿನ್ನ ಮುಂದೆಯೇ ತೆಗೆಸುತ್ತೇನೆ. ವರ್ಷ ತುಂಬುವುದರೊಳಗೆ ತೆಗೆಸುತ್ತೇನೆ" ಎಂದು. ಹೊಲದಪ್ಪ ಅಂದರೆ ಗುಡಿಗಿಡಿ ಇರುವ ದೇವರಲ್ಲ, ನಮ್ಮ ಹೊಲದ ನಡುವೆ ನೆಟ್ಟಿರುವ ಮೊಳಕಾಲುದ್ದದ ಒಂದು ಕಲ್ಲು. ನನ್ನ ಗಂಡನ ಮುಡಿಯೂ ಅಲ್ಲೇ ತೆಗೆದದ್ದು, ಮಗನದ್ದೂ ಅಲ್ಲೇ. ನಮ್ಮ ಮನೆತನದಲ್ಲಿ ಆ ಕಲ್ಲಿನ ಮುಂದೆ ಮುಡಿ ಕೊಡದೆ ಕೂಸಿನ ತಲೆಗೆ ಕತ್ತರಿ ಸೋಕಿಸುವಂತಿಲ್ಲ.

ಹರಕೆ ಹೊರುವಾಗ ನಾನು ಒಂದು ವಿಷಯ ಮರೆತೇಬಿಟ್ಟಿದ್ದೆ. ಹೊಲದಪ್ಪ ಈಗ ಸೋಲಾರ್ ಕಂಪನಿಯ ಬೇಲಿಯೊಳಗಿದ್ದಾನೆ.

ನಮ್ಮದು ಪಾವಗಡ ತಾಲ್ಲೂಕು, ತಿರುಮಣಿ ಕಡೆಯ ಊರು. ಸುತ್ತ ಮುತ್ತ ಎಲ್ಲರಂತೆ ನಾವೂ ಹೊಲವನ್ನು ಗುತ್ತಿಗೆಗೆ ಕೊಟ್ಟೆವು. ಬಂದವರು "ದೇಶಕ್ಕೆ ಕರೆಂಟು ಬೇಕು" ಅಂದರು. ದೇಶ ಕೇಳಿದರೆ ಇಲ್ಲ ಅನ್ನಲಾದೀತೇ? ನನ್ನ ಗಂಡ ಆಗ ಬದುಕಿದ್ದರು, ಹೆಬ್ಬೆಟ್ಟನ್ನು ಮಸಿಗೆ ಅದ್ದಿ ಗಟ್ಟಿಯಾಗಿ ಒತ್ತಿದರು. ದೇಶ ಬರುತ್ತದೆ ಎಂದುಕೊಂಡರೆ ಬಂದದ್ದು ಹೊರದೇಶದ ಕಂಪನಿ. ಅದರ ಬಗ್ಗೆ ನನಗೆ ಸಿಟ್ಟೇನೂ ಇಲ್ಲ. ಕಡಲೆಕಾಯಿ ಬೆಳೆಯುತ್ತಿದ್ದ ಕಡೆ ಈಗ ಕಣ್ಣು ಹಾಯುವಷ್ಟು ದೂರ ಬರೀ ಪ್ಯಾನೆಲ್ಲು, ಅಷ್ಟೆ. ನೆರಳು ಬೀಳುತ್ತದೆಂದು ಬೇವಿನ ಮರ ಕಡಿದರು. ಕಲ್ಲನ್ನು ಮಾತ್ರ ಮುಟ್ಟಲಿಲ್ಲ.

ಕೂಸಿಗೆ ಹನ್ನೊಂದು ತಿಂಗಳು ಕಳೆದಾಗ ಕೂದಲು ಕಣ್ಣಿಗೆ ಇಳಿಯತೊಡಗಿತು. ನನ್ನ ರಾಣಿ ಅದರ ಸಂದಿಯಿಂದಲೇ ಇಣುಕಿ ಇಣುಕಿ ನಗುತ್ತಿದ್ದಳು. ವರ್ಷ ತುಂಬಲು ಇನ್ನು ಹದಿನೈದು ದಿನ. ಹೊಲದಪ್ಪನಿಗೆ ಹೇಳಿ ಬರೋಣವೆಂದು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು, ತೆಂಗಿನಕಾಯಿ ಹಿಡಿದು ಬೇಲಿಯ ಗೇಟಿಗೆ ಹೋದೆ.

ಗೇಟಿನಲ್ಲಿ ನಿಂತಿದ್ದ ಸೆಕ್ಯೂರಿಟಿ ನನ್ನ ಮಗನೇ. ಹೊಲ ಕೊಟ್ಟ ಮನೆಗೊಂದು ಕೆಲಸ ಅಂದಿದ್ದರು, ಅವನಿಗೆ ಅದು ಸಿಕ್ಕಿತ್ತು. ನೀಲಿ ಅಂಗಿ, ಟೋಪಿ, ಕುತ್ತಿಗೆಗೆ ಸೀಟಿ.

"ಅವ್ವಾ, ಅಲ್ಲೇ ನಿಂತ್ಕ. ಪಾಸ್ ಐತಾ?" ಅಂದ.

"ಯಾಕ್ಲಾ, ನಾನ್ಯಾರು ಗೊತ್ತಾಗ್ಲಿಲ್ವಾ?"

"ಗೊತ್ತು ಕಣವ್ವ. ಗೊತ್ತಿರೋರ್ಗೂ ಪಾಸ್ ಬೇಕು."

"ಬೆಳಿಗ್ಗೆ ಮುದ್ದೆ ಇಕ್ಕುವಾಗ ನಾನ್ ನಿನ್ನ ಪಾಸ್ ಕೇಳಿದ್ನಾ?"

"ಮೆತ್ತಗೆ ಮಾತಾಡವ್ವ, ಮ್ಯಾಲೆ ಕ್ಯಾಮೆರಾ ಐತೆ. ಇಲ್ಲಿ ನಡೆಯೋದನ್ನೆಲ್ಲ ಹೊರದೇಶದಾಗೆ ಕುಂತು ನೋಡ್ತಾರೆ."

"ನೋಡ್ಲಿ ಬುಡು, ಒಳ್ಳೇದೇ ಆತು" ಅಂದವಳೇ ಕೂಸನ್ನು ಎರಡೂ ಕೈಯಲ್ಲಿ ಕ್ಯಾಮೆರಾಗೆ ಎತ್ತಿ ಹಿಡಿದೆ. "ನೋಡ್ರಪ್ಪಾ, ನನ್ ಮೊಮ್ಮಗಳು. ಕೂದ್ಲು ನೋಡ್ರಿ. ನಿಮ್ ದೇಶದಾಗೆ ಐತಾ ಇಂಥಾದ್ದು?"

ಮಗ ಟೋಪಿಯನ್ನು ಮುಖಕ್ಕೆ ಎಳೆದುಕೊಂಡ. ಪಾಪ, ಮಗಳು "ಪಾ ಪಾ" ಎಂದು ಕೈ ಚಾಚಿದರೂ ಡ್ಯೂಟಿಯಲ್ಲಿ ಎತ್ತಿಕೊಳ್ಳುವಂತಿರಲಿಲ್ಲ. ನಮಗೆ ಬೆನ್ನು ಮಾಡಿ ನಿಂತು, ಹಿಂದೆ ಕೈ ಕಟ್ಟಿಕೊಂಡು ಬೆರಳಲ್ಲೇ ಆಟವಾಡಿಸಿದ.

ನನ್ನ ತವರು ಗಡಿಯಾಚೆಯ ಆಂಧ್ರದ ಹಳ್ಳಿ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದು ತೆಲುಗಿನಲ್ಲಿ. ಕನ್ನಡ ಅಕ್ಷರವನ್ನು ಮಗನ ಒಂದನೇ ಕ್ಲಾಸಿನ ಪುಸ್ತಕ ಇಟ್ಟುಕೊಂಡು ಅವನ ಜೊತೆಗೇ ತಿದ್ದಿ ಕಲಿತೆ. ಮದುವೆಯ ದಿನ ಎತ್ತಿನ ಗಾಡಿಯಲ್ಲಿ ಕೂತು ಬಂದೆ. ಒಂದು ಹಳ್ಳ ದಾಟುವುದರೊಳಗೆ ರಾಜ್ಯವೇ ಬದಲಾಗಿತ್ತಂತೆ, ನನಗೆ ಗೊತ್ತಾದದ್ದು ರೇಷನ್ ಕಾರ್ಡು ಮಾಡಿಸುವಾಗ. ಅವತ್ತು ಯಾರೂ ಪಾಸು ಕೇಳಿರಲಿಲ್ಲ. ಈಗ ನನ್ನ ಹೊಲಕ್ಕೆ ನಾನು ಹೋಗಲು ಪಾಸು.

ಪಕ್ಕದ ಮನೆಯ ರಿಟೈರಾದ ಮೇಷ್ಟ್ರಿಗೆ ಇದನ್ನು ಹೇಳಿದ್ದೇ ತಡ, ಅವರು ನಮ್ಮ ಜಗುಲಿಯ ಕುರ್ಚಿಯಿಂದ ಎದ್ದು ನಿಂತರು. ಮೇಷ್ಟ್ರು ದೊಡ್ಡ ದೇಶಭಕ್ತರು. ಸ್ವಾತಂತ್ರ್ಯ ದಿನ ಸ್ಕೂಲಿನಲ್ಲಿ ಬಾವುಟ ಏರುವಾಗ ಪ್ರತಿ ವರ್ಷವೂ ಅಳುತ್ತಾರೆ.

"ಇದು ಸಾರ್ವಭೌಮತ್ವದ ಪ್ರಶ್ನೆ ಕಣಕ್ಕಾ!" ಅಂದರು.

"ಅಂದ್ರೇನು ಮೇಷ್ಟ್ರೇ?"

"ನಮ್ಮ ನೆಲದ ಮ್ಯಾಲೆ ನಮ್ಮದೇ ಕೊನೇ ಮಾತು. ನಮ್ಮ ತಲೆ ಮ್ಯಾಲೆ ಇನ್ನೊಬ್ಬ ಯಜಮಾನ ಇರಬಾರ್ದು."

"ನಮ್ಮನೇಲಿ ಅದು ಸೊಸೆ ಹತ್ರ ಐತೆ ಮೇಷ್ಟ್ರೇ."

ಒಳಗಿನಿಂದ "ಅತ್ತೇ, ನಂಗೆ ಕೇಳುಸ್ತು" ಅಂದಳು ಸೊಸೆ.

ಮೇಷ್ಟ್ರು ನಗಲಿಲ್ಲ. "ತಮಾಷೆ ಅಲ್ಲಕ್ಕ. ಪ್ಯಾನೆಲ್ಲು ಒಂದು ದೇಶದ್ದು, ವೈರು ಇನ್ನೊಂದು ದೇಶದ್ದು, ದುಡ್ಡು ಮತ್ತೊಂದು ದೇಶದ್ದು. ಬಿಸಿಲೊಂದು ಪಾವಗಡದ್ದು. ಇದಕ್ಕೆ ಜಾಗತೀಕರಣ ಅಂತಾರೆ. ಸರ್ಕಾರ ಅಂತ ಒಂದು ಐತೋ ಇಲ್ವೋ ನಾನ್ ನೋಡ್ಬುಡ್ತೀನಿ" ಅಂತ ಮಾರನೆಯ ದಿನವೇ ಇಸ್ತ್ರಿ ಅಂಗಿ ಹಾಕಿ ಬಸ್ಸು ಹತ್ತಿದರು.

ಸಂಜೆ ಬಂದಾಗ ಇಸ್ತ್ರಿ ಮುದುರಿತ್ತು. ಸರ್ಕಾರದ ಕಡೆಯವರು ಕೂರಿಸಿ ಟೀ ಕೊಟ್ಟು ಮರ್ಯಾದೆಯಿಂದಲೇ ಮಾತಾಡಿದರಂತೆ. ಜಮೀನು ಅಜ್ಜಿಯದೇ, ಅನುಮಾನ ಬೇಡ, ಆದರೆ ಗುತ್ತಿಗೆ ಮುಗಿಯುವ ತನಕ ಬೇಲಿಯೊಳಗೆ ಕಂಪನಿಯ ನಿಯಮ, ನಾವು ಹೋದರೂ ತಲೆಗೆ ಹೆಲ್ಮೆಟ್ ಹಾಕಿ ಗೇಟಿನಲ್ಲಿ ಸಹಿ ಮಾಡಿಯೇ ಹೋಗುವುದು ಅಂದರಂತೆ.

"ಗೇಟ್ ಮುಂದೆ ಬಾವುಟ ಹಿಡ್ಕೊಂಡು ಧರಣಿ ಕೂರಾನ" ಅಂದರು ಮೇಷ್ಟ್ರು.

"ನಮ್ಮನ್ನ ಎಬ್ಬಿಸೋಕೆ ಯಾರನ್ನ ಕಳಿಸ್ತಾರೆ? ನನ್ ಮಗನ್ನೇ ತಾನೆ?" ಅಂದೆ. ಅಲ್ಲಿಗೆ ಧರಣಿ ನಿಂತಿತು.

ಕೊನೆಗೆ ಸೊಸೆಯೇ ಗಂಡನಿಗೆ ಹೇಳಿದಳು, "ಪಾಸು ತಾನೆ ಬೇಕಾಗಿರೋದು? ಕೇಳಿದ್ರಾಯ್ತಪ್ಪ." ಪಾಸು ಕೇಳುವುದು ಈಗ ಕಾಗದದಲ್ಲಲ್ಲ, ಮೊಬೈಲಿನಲ್ಲಿ. ರಾತ್ರಿಯೂಟಕ್ಕೆ ಮೊದಲು ನಾವು ಮೂವರೂ ಮಗನ ಮೊಬೈಲಿನ ಸುತ್ತ ಕೂತೆವು. ಕೂಸು ನನ್ನ ತೊಡೆಯ ಮೇಲೆ.

ಮೊದಲನೇ ಪ್ರಶ್ನೆ, ಒಳಗೆ ಹೋಗುವ ಕಾರಣ. ನಮ್ಮಿಷ್ಟ ಬಂದದ್ದನ್ನು ಬರೆಯುವಂತಿಲ್ಲ, ಅವರು ಕೊಟ್ಟ ನಾಲ್ಕರಲ್ಲಿ ಒಂದನ್ನು ಒತ್ತಬೇಕು. ಪ್ಯಾನೆಲ್ ತೊಳೆಯುವುದು, ರಿಪೇರಿ, ತಪಾಸಣೆ, ಹುಲ್ಲು ತೆಗೆಯುವುದು. ಮುಡಿ ತೆಗೆಯುವುದು ಇರಲೇ ಇಲ್ಲ. ಮಗ ಬಹಳ ಹೊತ್ತು ಯೋಚಿಸಿ, "ಬೆಳೆದಿದ್ದನ್ನ ತೆಗೆಯೋದೇ ಅಲ್ವಾ ಅವ್ವ ಎರಡೂ?" ಅಂತ ಹುಲ್ಲಿನ ಮೇಲೆ ಒತ್ತಿಬಿಟ್ಟ.

ಎರಡನೆಯದು, ಸಲಕರಣೆ. "ಕತ್ತಿ ಅಂತ ಹಾಕು ಕಣ್ಲಾ, ಕ್ಷೌರದ್ದು ತಾನೆ" ಅಂದೆ. ಹಾಕಿದ.

ಮೂರನೆಯದು, ಬರುವವರ ಹೆಸರು, ವಯಸ್ಸು, ಯಾವ ದೇಶದವರು. ಅವನು ಮೊದಲು ನನ್ನ ಹೆಸರು ಬರೆಯಲು ಹೊರಟ. ನಾನು ಬಿಡಲಿಲ್ಲ. "ಯಾರ ಕಾರ್ಯ ಇದು? ಮೊದ್ಲು ನನ್ ಮೊಮ್ಮಗಳ ಹೆಸ್ರು ಬರಿ. ದೇಶ ಭಾರತ ಅಂತ ಅಚ್ಚುಕಟ್ಟಾಗಿ ಬರಿ." ವಯಸ್ಸನ್ನು ತಿಂಗಳಲ್ಲಿ ಹಾಕಲು ಜಾಗವಿರಲಿಲ್ಲ, ಸೊನ್ನೆ ಹಾಕಿದ. ಆಮೇಲೆ ನಾನು, ಸೊಸೆ, ಅವಳ ಅಣ್ಣ, ಮೇಷ್ಟ್ರು, ಕ್ಷೌರದವನು. ಮಗ ಹೇಗೂ ಡ್ಯೂಟಿಯಲ್ಲೇ ಇರುತ್ತಾನೆ.

ನಮಗೆ ತಿಳಿಯದೇ ಇದ್ದದ್ದು ಒಂದೇ. ಆ ಪಟ್ಟಿಯಲ್ಲಿ ಮೊದಲ ಹೆಸರು ಯಾರದೋ ಅವರನ್ನೇ ಮೊಬೈಲು ಕೂಲಿ ಗುಂಪಿನ ಮೇಸ್ತ್ರಿ ಎಂದು ತೆಗೆದುಕೊಳ್ಳುತ್ತದಂತೆ.

ಮೂರನೇ ದಿನ ಮಧ್ಯಾಹ್ನ ಕಂಪನಿಯ ಜೀಪು ನಮ್ಮ ಬಾಗಿಲಿಗೇ ಬಂತು. ಇಳಿದವನು ಮ್ಯಾನೇಜರು. ಆಂಧ್ರದ ಸಮುದ್ರದ ಕಡೆಯ ಹುಡುಗ, ನನ್ನ ಜೊತೆ ಯಾವಾಗಲೂ ತೆಲುಗು ಬೆರೆಸಿದ ಕನ್ನಡದಲ್ಲಿ ಮಾತಾಡುತ್ತಿದ್ದ. ಅವತ್ತು ಅವನ ಅಂಗಿಯೆಲ್ಲ ಬೆವರು.

"ಅಮ್ಮಾ, ಏಮಿಟಮ್ಮಾ ಇದು? ನನ್ ಕೆಲಸ ಹೋಗುತ್ತೆ ಅಮ್ಮಾ" ಅಂದ. ಹೊರದೇಶದ ಹೆಡ್ಡಾಫೀಸಿನಲ್ಲಿ ಗಂಟೆ ಹೊಡೆದುಬಿಟ್ಟಿತ್ತಂತೆ. ಪಾವಗಡದ ಸೈಟಿನಲ್ಲಿ ಹುಲ್ಲು ಕೊಯ್ಯುವ ಗುಂಪಿಗೆ ಒಂದು ಹೆಣ್ಣುಮಗು ಮೇಸ್ತ್ರಿ, ವಯಸ್ಸು ಸೊನ್ನೆ, ಕೈಯಲ್ಲಿ ಕತ್ತಿ! ಮಕ್ಕಳ ಕೈಲಿ ಕೆಲಸ ಮಾಡಿಸಿದರೆ ಅವರ ದೇಶದಲ್ಲಿ ಕಂಪನಿಯನ್ನೇ ಮುಚ್ಚಿಸುತ್ತಾರಂತೆ.

ಮಗ ಬಾಗಿಲ ಹಿಂದೆ ನಿಂತಿದ್ದ. ನನಗೆ ನಗು ತಡೆಯಲಾಗಲಿಲ್ಲ. ಆ ಹೊತ್ತಿಗೆ ಮೇಸ್ತ್ರಿಯಮ್ಮ ನಡುಮನೆಯಲ್ಲಿ ಕೂತು ತನ್ನ ಕಾಲಿನ ಹೆಬ್ಬೆರಳನ್ನು ಬಾಯಿಗೆ ಇಟ್ಟುಕೊಂಡಿದ್ದಳು.

ಮ್ಯಾನೇಜರು ಮೊಬೈಲಿನಲ್ಲಿ ಹೊರದೇಶಕ್ಕೆ ವಿಡಿಯೋ ಹಚ್ಚಿ ನಮ್ಮ ಮುಂದೆ ಹಿಡಿದ. ಅದರಲ್ಲೊಬ್ಬ ದೊರಸಾನಿ ಕಂಡಳು, ಬಿಳಿ ಕೂದಲು, ಮುಖ ಗಂಟು. ಅವಳು ಏನೋ ಕೇಳಿದಳು. "ಈ ಮಗು ಎಷ್ಟು ದಿನದಿಂದ ಕೆಲಸ ಮಾಡ್ತಾ ಇದೆ ಅಂತ ಕೇಳ್ತಾರೆ" ಅಂದ ಮ್ಯಾನೇಜರು.

"ಕೆಲ್ಸಾನಾ? ಇವಳಾ?" ಕೂಸನ್ನು ಎತ್ತಿ ಮೊಬೈಲಿಗೆ ತೋರಿಸಿದೆ. "ನೋಡು ತಾಯಿ, ಇಡೀ ಮನೇನೇ ಇವಳ ಕೆಲಸ ಮಾಡ್ತೈತೆ. ಇವಳು ಒಂದು ಲೋಟ ಎತ್ತಿ ಅತ್ಲಾಗಿಕ್ಕಿಲ್ಲ, ಇಕ್ಕಿದ್ದನ್ನೆಲ್ಲ ಬೀಳುಸ್ತಾಳೆ. ಕತ್ತಿ ಕ್ಷೌರದ್ದು. ತೆಗಿಯೋದು ಹುಲ್ಲಲ್ಲ, ಇದು!" ಅಂತ ಕೂಸಿನ ಕೂದಲನ್ನು ಕಣ್ಣಿಂದ ಮೇಲಕ್ಕೆ ಸರಿಸಿದೆ. ಕೂಸು ದೊರಸಾನಿಯನ್ನು ನೋಡಿ ನಕ್ಕಿತು. ಮೊಬೈಲಿಗೆ ಜೊಲ್ಲು ಹಚ್ಚಿತು.

ದೊರಸಾನಿಯ ಮುಖದ ಗಂಟು ಬಿಚ್ಚಿತು. ಮ್ಯಾನೇಜರಿಗೂ ಅವಳಿಗೂ ಇಂಗ್ಲಿಷಿನಲ್ಲಿ ಬಹಳ ಮಾತಾಯಿತು. ಮೇಷ್ಟ್ರು ಸುದ್ದಿ ಕೇಳಿ ಓಡಿ ಬಂದವರು ನಡುವೆ ತಲೆ ಹಾಕಿ "ಸಾವರಿನ್‌ಟಿ! ಸಾವರಿನ್‌ಟಿ!" ಎಂದು ಎರಡು ಸಲ ಕೂಗಿದರು. ದೊರಸಾನಿ ಅವರಿಗೂ ನಮಸ್ಕಾರ ಮಾಡಿದಳು. ಮೇಷ್ಟ್ರು ಮೆತ್ತಗಾಗಿ ತಾವೂ ಮಾಡಿದರು.

ಪಾಸು ಸಿಕ್ಕಿತು. ಒಂದು ಗಂಟೆ ಹೊತ್ತು ಮಾತ್ರ. ಬೇಲಿಯೊಳಗೆ ಯಾರೂ ಬರಿ ತಲೆ, ಬರಿ ಕಾಲಲ್ಲಿ ಇರುವಂತಿಲ್ಲ. ಬೆಂಕಿ ಹಚ್ಚುವಂತಿಲ್ಲ. ಜಮೀನಿನ ಕಾಗದ ಜೊತೆಗೆ ತರಬೇಕು. ಕುತ್ತಿಗೆಗೆ ಹಾಕಿಕೊಳ್ಳಲು ಒಬ್ಬೊಬ್ಬರಿಗೂ ಫೋಟೋ ಇರುವ ಒಂದು ಚೀಟಿ, ಮೇಲೆ "ಅತಿಥಿ" ಎಂದು ಬರೆದಿತ್ತು. ಆ ಹೊಲದಲ್ಲಿ ಮೂವತ್ತು ವರ್ಷ ಕಳೆ ಕಿತ್ತಿದ್ದೇನೆ. ಅತಿಥಿಯಾದದ್ದು ಅವತ್ತೇ.

ವರ್ಷ ತುಂಬಲು ಇನ್ನೆರಡು ದಿನವಿತ್ತು. ಬೆಳಿಗ್ಗೆ ಎಂಟಕ್ಕೆ ಗೇಟಿಗೆ ಹೋದೆವು. ಎಲ್ಲರಿಗೂ ಹಳದಿ ಹೆಲ್ಮೆಟ್, ದಪ್ಪ ಬೂಟು, ಹೊಳೆಯುವ ಹಸಿರು ಜಾಕೀಟು ಕೊಟ್ಟರು. ರೇಷ್ಮೆ ಸೀರೆಯ ಮೇಲೆ ಜಾಕೀಟು ಹಾಕಿಕೊಂಡು, ಬೂಟಿನಲ್ಲಿ ಕಾಲೆಳೆಯುತ್ತಾ, ತಲೆಯ ಹೆಲ್ಮೆಟ್ಟಿನ ಮೇಲೆ ತಂಬಿಟ್ಟಿನ ತಟ್ಟೆ ಹೊತ್ತು ನಡೆದೆ. ಮೊದಲ ಸಲ ತಲೆಗೆ ಬಟ್ಟೆ ಸುತ್ತಿದ ಸಿಂಬಿ ಬೇಕಾಗಲಿಲ್ಲ ನೋಡಿ. ಮಗ ಒಬ್ಬೊಬ್ಬರ ಚೀಟಿಯನ್ನೂ ನೋಡಿ ಒಳಗೆ ಬಿಟ್ಟ, ಹೆಂಡತಿಯ ಚೀಟಿಯನ್ನು ಸ್ವಲ್ಪ ಜಾಸ್ತಿ ಹೊತ್ತೇ ನೋಡಿದ. "ಫೋಟೋ ಸರಿಯಾಗಿ ಹೊಂದ್ತಿಲ್ಲ" ಅಂದ. "ಸಂಜೆ ಮನೇಗೆ ಬತ್ತೀಯಲ್ಲ, ಹೊಂದುಸ್ತೀನಿ" ಅಂದಳು ಅವಳು.

ಹೊಲದಪ್ಪ ಹೇಗಿದ್ದನೋ ಹಾಗೇ ಇದ್ದ. ಸುತ್ತ ನಾಲ್ಕೂ ಕಡೆ ಪ್ಯಾನೆಲ್ಲು, ನಡುವೆ ನಾಲ್ಕು ಗೂಟದೊಳಗೆ ಅವನು. ಅವನ ಮುಂದೆ ಸೊಸೆಯ ಅಣ್ಣ ಚಕ್ಕಳಮಕ್ಕಳ ಹಾಕಿ ಕೂತ. ಹುಟ್ಟುಗೂದಲು ತೆಗೆಯುವಾಗ ಕೂಸು ಸೋದರಮಾವನ ತೊಡೆಯ ಮೇಲೇ ಇರಬೇಕು, ಮೊದಲ ಎಳೆ ಅವನೇ ಕತ್ತರಿಸಬೇಕು. ಕೂಸಿಗೂ ಒಂದು ಹೆಲ್ಮೆಟ್ ಹಾಕಿದ್ದರು. ಅದು ಭುಜದವರೆಗೆ ಇಳಿದು, ಒಳಗಿಂದ "ಬಾ ಬಾ ಬಾ" ಎಂದು ಸದ್ದು ಬರುತ್ತಿತ್ತು. ಕ್ಷೌರದವನು ಕತ್ತಿ ಮಸೆದು ಹೆಲ್ಮೆಟ್ಟಿಗೆ ಕೈ ಹಾಕಿದ.

"ಆಗು ಆಗು! ನಿಲ್ಸು, ತೆಗೀಬಾರ್ದು!" ಮ್ಯಾನೇಜರು ಕೂಗಿದ. "ಬರಿ ತಲೆ ರೂಲ್ಸ್ ಇಲ್ಲ."

"ಮತ್ತೆ ಹೆಲ್ಮೆಟ್ಟನ್ನೇ ಬೋಳಿಸ್ಲಾ ಸ್ವಾಮಿ?" ಅಂದ ಕ್ಷೌರದವನು.

"ನೀವೇ ಏನಾದ್ರೂ ದಾರಿ ಹೇಳಿ. ಕ್ಯಾಮೆರಾ ನೋಡ್ತಾ ಇದೆ. ನಾನೇನು ಮಾಡ್ಲಿ?" ಅವನ ದನಿಯಲ್ಲಿ ಸುಳ್ಳಿರಲಿಲ್ಲ.

ಅಪ್ಪನ ಎದುರಿನ ತನಕ ಬಂದು ಹೀಗೇ ಹಿಂದಕ್ಕೆ ಹೋಗುವುದೇ? ಬೂಟುಗಾಲಲ್ಲಿ ನಿಂತವಳ ಹರಕೆ ಅವನು ಹೇಗೆ ಒಪ್ಪಿಯಾನು? ಕಣ್ಣು ತುಂಬಿ ಬಂತು. ಮೇಷ್ಟ್ರು ಭಾಷಣಕ್ಕೆ ಬಾಯಿ ತೆರೆದರು, ಆದರೆ ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕೆ ಬಿಗಿಯಾಗಿ ಮಾತು ಹೊರಡಲಿಲ್ಲ.

ಸೊಸೆ ಚೀಲದಿಂದ ಜಮೀನಿನ ಕಾಗದ ತೆಗೆದಳು. ಪಿಯುಸಿ ಓದಿದವಳು. ಗುತ್ತಿಗೆ ಪತ್ರದ ಹಾಳೆಗಳನ್ನು ಬೆರಳಿಟ್ಟು ಓದುತ್ತಾ ಹೋಗಿ ಒಂದು ಕಡೆ ನಿಂತಳು.

"ಸಾರ್, ಇಲ್ಲಿ ಓದಿ. 'ದೇವರ ಕಲ್ಲು ಮತ್ತು ಅದರ ಸುತ್ತಲಿನ ಹತ್ತಡಿ ಜಾಗ ಬಿಟ್ಟು' ಅಂತ ಐತೆ. ಈ ಗೂಟದೊಳಗಿನ ಜಾಗ ನಿಮ್ಮ ಕಂಪನೀಗೆ ಕೊಟ್ಟೇ ಇಲ್ಲ."

ಮ್ಯಾನೇಜರು ಓದಿದ. ಮತ್ತೊಮ್ಮೆ ಓದಿದ. ನನ್ನ ಗಂಡ ಹೆಬ್ಬೆಟ್ಟು ಒತ್ತುವ ಮುಂಚೆ ಅದನ್ನು ಬರೆಸಿದ್ದರೆಂದು ನನಗೂ ಗೊತ್ತಿರಲಿಲ್ಲ. ಓದು ಬಾರದ ಮನುಷ್ಯ! ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ.

ಮೇಷ್ಟ್ರು ಪಟ್ಟಿ ಕಿತ್ತು ಹೆಲ್ಮೆಟ್ ಎಸೆದರು. "ನೋಡಿ! ಆಂಧ್ರದ ನಡುವೆ ನಮ್ಮ ಪಾವಗಡ ಹೆಂಗೋ, ಕಂಪನಿಯ ನಡುವೆ ಈ ಹತ್ತಡಿ ಅಂಗೆ! ಇದು ಸ್ವತಂತ್ರ ಭೂಮಿ!" ಅಂದವರೇ ಕಣ್ಣೊರೆಸಿಕೊಂಡರು. ಅವತ್ತು ಆಗಸ್ಟ್ ತಿಂಗಳೂ ಅಲ್ಲ.

ನಾವೆಲ್ಲ ಗೂಟದೊಳಗೆ ಹೋಗಿ ಬೂಟು, ಹೆಲ್ಮೆಟ್ಟು, ಜಾಕೀಟು ಬಿಚ್ಚಿ ಗೂಟದ ಹೊರಗೆ ರಾಶಿ ಹಾಕಿದೆವು. ಬರಿಗಾಲಿಗೆ ನನ್ನ ಹೊಲದ ಮಣ್ಣು ತಾಗಿತು, ಬೆಚ್ಚಗೆ. ಕರ್ಪೂರ ಹಚ್ಚಿದೆ. ಮ್ಯಾನೇಜರು ಗೂಟದ ಆಚೆ ಹೆಲ್ಮೆಟ್ ಹಾಕಿಕೊಂಡು ಒಬ್ಬನೇ ನಿಂತಿದ್ದ. ಅವನ ಮನೆಯಲ್ಲೂ ಸಣ್ಣ ಮಗುವಿದೆಯಂತೆ, ನೋಡಿ ಎರಡು ತಿಂಗಳಾಗಿತ್ತಂತೆ.

"ಅಮ್ಮಾ, ನಾನೂ ಬರಬಹುದಾ?" ಅಂದ.

"ಬೂಟ್ ಬಿಚ್ಚಿ ಬಾರಪ್ಪ. ಇಲ್ಲಿ ನಮ್ಮ ರೂಲ್ಸು. ಪಾಸ್ ಗೀಸ್ ಏನೂ ಬ್ಯಾಡ."

ಬಂದು ಕೈಮುಗಿದು ನಿಂತ. ಗೇಟಿಗೆ ಇನ್ನೊಬ್ಬನನ್ನು ನಿಲ್ಲಿಸಿ ನನ್ನ ಮಗನನ್ನೂ ಅವನೇ ಕರೆಸಿದ. ಸೋದರಮಾವ ಮೊದಲ ಎಳೆ ಕತ್ತರಿಸಿದ. ಕ್ಷೌರದವನ ಕತ್ತಿ ಸರಸರನೆ ಓಡಿತು. ಕೂಸು ಒಂದು ಸಲ ಅತ್ತಳು, ತಂಬಿಟ್ಟು ಬಾಯಿಗೆ ಹೋದ ಕೂಡಲೇ ನಿಲ್ಲಿಸಿದಳು. ಕೂದಲನ್ನೆಲ್ಲ ಮಡಿಲಲ್ಲಿ ಹಿಡಿದು ಅಪ್ಪನ ಮುಂದೆ ಇಟ್ಟೆ. ಇಷ್ಟು ವರ್ಷ ಎದೆಯ ಮೇಲಿದ್ದ ಭಾರ ಇಳಿಯಿತು. ಬೋಳು ತಲೆ ಎಷ್ಟು ದುಂಡಗಿತ್ತು ಅಂತೀರಿ! ಅರಿಶಿನ ಗಂಧ ಹಚ್ಚಿದ ಮೇಲೆ ಸುತ್ತಲಿನ ಅಷ್ಟೂ ಪ್ಯಾನೆಲ್ಲಿನಲ್ಲಿ ಅದೇ ಹೊಳೆಯುತ್ತಿತ್ತು.

ನಾವು ತಂಬಿಟ್ಟು ಹಂಚುವುದರಲ್ಲಿದ್ದೆವು. ಕೂಸು ಮಾವನ ತೊಡೆಯಿಂದ ಜಾರಿ, ಅಂಬೆಗಾಲಿಟ್ಟು, ಗೂಟ ದಾಟಿ ಕಂಪನಿಯ ಕಡೆಗೆ ಹೊರಟೇಬಿಟ್ಟಳು. ಬರಿ ತಲೆ, ಬರಿ ಕಾಲು, ಕತ್ತಿನಲ್ಲಿ ಚೀಟಿಯೂ ಇಲ್ಲ. ಎದುರಿನ ಪ್ಯಾನೆಲ್ಲಿನಲ್ಲಿ ಇನ್ನೊಂದು ಬೋಳು ತಲೆಯ ಕೂಸು ಕಂಡಿತ್ತು, ಅದರ ಹತ್ತಿರ ಹೋಗಬೇಕಾಗಿತ್ತು ಅವಳಿಗೆ.

"ಲೇ, ಕ್ಯಾಮೆರಾ! ಕ್ಯಾಮೆರಾ!" ಅಂತ ಮಗ ಎದ್ದ. ಅವನಿಗಿಂತ ಮೊದಲು ಮ್ಯಾನೇಜರೇ ಬರಿಗಾಲಲ್ಲಿ ಓಡಿದ. ಎತ್ತಿಕೊಂಡು ತರುತ್ತಾನೆ ಅಂದುಕೊಂಡೆ. ಎತ್ತಲಿಲ್ಲ. ರಾಶಿಯಿಂದ ಒಂದು ಹೆಲ್ಮೆಟ್ ತೆಗೆದು, ಸೊಂಟ ಬಗ್ಗಿಸಿ, ಅದನ್ನು ಅವಳ ತಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಛತ್ರಿಯಂತೆ ಹಿಡಿದುಕೊಂಡ. ಅವಳು ಹೋದ ಕಡೆಯೆಲ್ಲ ಹಾಗೇ ಬಗ್ಗಿಕೊಂಡು ಹಿಂದೆ ಹಿಂದೆ ನಡೆದ.